ಮಾನಸಗಂಗೋತ್ರಿಯಿಂದ ಶಿವಗಂಗೋತ್ರಿಗೆ: ಕುಲಪತಿ ಕುವೆಂಪು ತೋರಿದ ದಾರಿ

(ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯಲ್ಲಿ ಪೋಷಕರಿಗೂ ವಿದ್ಯಾರ್ಥಿಗಳಿಗೂ ಏರ್ಪಡಿಸಿದ್ದ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)





ನಾವಿಂದು ಸೇರಿರುವ ಬಡಾವಣೆ ಎಸ್. ನಿಜಲಿಂಗಪ್ಪನವರ ಹೆಸರನ್ನು ಹೊತ್ತಿದೆ. 1956ರ ನವೆಂಬರ್ 1ರಂದು ಕನ್ನಡ ನಾಡು ಒಂದುಗೂಡಿದಾಗ ಆ ವಿಶಾಲ ರಾಜ್ಯದ ಮೊದಲ ಮುಖ್ಯಮಂತ್ರಿಯಾದವರು ಅವರು. ಅದೇ ವರ್ಷ ಮೈಸೂರು ವಿಶ್ವವಿದ್ಯಾನಿಲಯದ ಆಡಳಿತದ ಹೊಣೆಯನ್ನು ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪನವರು ವಹಿಸಿಕೊಂಡರು. ನಾಡು ಅವರನ್ನು ಕುವೆಂಪು ಎಂದು ಕರೆಯುತ್ತದೆ. ಅಂದು ಆ ಹುದ್ದೆಯನ್ನು ಉಪಕುಲಪತಿ ಎನ್ನುತ್ತಿದ್ದರು, ಇಂದು ಕುಲಪತಿ ಎನ್ನುತ್ತೇವೆ. 1960ರಲ್ಲಿ ಅವರು ನಿವೃತ್ತರಾದರು. ಕೇವಲ ನಾಲ್ಕು ವರ್ಷಗಳ ಅವಧಿ. ಆ ನಾಲ್ಕು ವರ್ಷಗಳ ಕುರಿತು ಇಂದು ನಿಮ್ಮೊಡನೆ ಮಾತನಾಡಬೇಕೆಂದು ಬಯಸಿದ್ದೇನೆ.

ಕವಿಯಾಗಿ ಕುವೆಂಪು ಅವರನ್ನು ನಮ್ಮ ಮಕ್ಕಳು ಪಠ್ಯಪುಸ್ತಕದಲ್ಲಿ ಓದುತ್ತಾರೆ. ಆದರೆ ಕಡತಗಳ ಮುಂದೆ ಕುಳಿತ, ಜಮೀನು ಹುಡುಕಿದ, ಹಣ ಹೊಂದಿಸಿದ ಆಡಳಿತಗಾರ ಕುವೆಂಪು ನಮಗೆ ಅಷ್ಟಾಗಿ ಪರಿಚಿತರಲ್ಲ. ಕುಲಪತಿಗಳು ಬರುತ್ತಾರೆ, ಹೋಗುತ್ತಾರೆ. ಅವರ ಅವಧಿಯಲ್ಲಿ ಎಷ್ಟು ಕಟ್ಟಡ ಎದ್ದಿತು, ಎಷ್ಟು ವಿಭಾಗ ತೆರೆಯಿತು ಎಂದು ಲೆಕ್ಕ ಹಾಕುವುದು ವಾಡಿಕೆ. ನನ್ನ ಮಟ್ಟಿಗೆ ಅಳತೆಗೋಲು ಬೇರೆ. ವಿದ್ಯೆಯ ಬಾಗಿಲಿನಿಂದ ಅತ್ಯಂತ ದೂರದಲ್ಲಿ ನಿಂತಿದ್ದವರಿಗೆ ಆ ಬಾಗಿಲು ಎಷ್ಟು ಹತ್ತಿರ ಬಂದಿತು ಎಂಬುದನ್ನು ನಾವು ಕೇಳಬೇಕು. ಈ ಪ್ರಶ್ನೆ ನಮ್ಮ ಸಮುದಾಯಕ್ಕೆ ಬಹಳ ಅಗತ್ಯವಾದುದು.

ಮಲೆನಾಡಿನ ಹುಡುಗ

ಕುವೆಂಪು ಜನಿಸಿದ್ದು 1904ರ ಡಿಸೆಂಬರ್ 29ರಂದು. ಬೆಳೆದದ್ದು ತೀರ್ಥಹಳ್ಳಿ ತಾಲೂಕಿನ ಕುಪ್ಪಳಿಯಲ್ಲಿ. ಕಾಡಿನ ನಡುವಿನ ಆ ಮನೆಯಿಂದ ಮೈಸೂರಿನ ಪ್ರೌಢಶಾಲೆಗೆ ಬಂದ ಹುಡುಗ ಮೊದಲು ಕವಿತೆ ಬರೆದದ್ದು ಇಂಗ್ಲಿಷಿನಲ್ಲಿ. ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವುಗಳನ್ನು ನೋಡಿ, ನಿನ್ನ ಸ್ವಂತ ಭಾಷೆಯಲ್ಲಿ ಬರೆ ಎಂದು ಸಲಹೆ ನೀಡಿದರು. ಹೊರನಾಡಿನ ವ್ಯಕ್ತಿಯೊಬ್ಬರು ಹೇಳಿದ ಆ ಮಾತು ತರುಣನ ಬಾಳಿನ ದಿಕ್ಕನ್ನೇ ಬದಲಿಸಿತು.

ಮಹಾರಾಜಾ ಕಾಲೇಜಿನಲ್ಲಿ 1927ರಲ್ಲಿ ಬಿ.ಎ., 1929ರಲ್ಲಿ ಕನ್ನಡ ಎಂ.ಎ. ಮುಗಿಸಿ ಅಲ್ಲಿಯೇ ಅಧ್ಯಾಪಕರಾದರು. ಅವರ ಗುರುಗಳಲ್ಲಿ ಒಬ್ಬರಾದ ಟಿ.ಎಸ್. ವೆಂಕಣ್ಣಯ್ಯನವರು ಚಿತ್ರದುರ್ಗ ಜಿಲ್ಲೆಯ ತಳುಕಿನವರು. ದಾವಣಗೆರೆ 1997ರವರೆಗೂ ಅದೇ ಜಿಲ್ಲೆಗೆ ಸೇರಿತ್ತೆಂಬುದನ್ನು ಹಿರಿಯರು ಬಲ್ಲರು. ತಮ್ಮ ಮಹಾಕಾವ್ಯ ‘ಶ್ರೀ ರಾಮಾಯಣ ದರ್ಶನಂ’ ಅನ್ನು ಕುವೆಂಪು ಅರ್ಪಿಸಿದ್ದು ಆ ಗುರುವಿಗೆ. 1955ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಅದೇ ವರ್ಷ ಅವರು ಮಹಾರಾಜಾ ಕಾಲೇಜಿನ ಪ್ರಾಂಶುಪಾಲರೂ ಆದರು. ಮರುವರ್ಷ ಉಪಕುಲಪತಿ. ಮೈಸೂರು ವಿಶ್ವವಿದ್ಯಾನಿಲಯದಲ್ಲಿಯೇ ಪದವಿ ಪಡೆದು ಅದರ ಅತ್ಯುನ್ನತ ಆಡಳಿತ ಸ್ಥಾನಕ್ಕೇರಿದ ಮೊದಲಿಗರು ಅವರು. ಹಳ್ಳಿಯಿಂದ ಬಂದ ಕನ್ನಡ ಮೇಷ್ಟರೊಬ್ಬರು ಆ ಕುರ್ಚಿಯಲ್ಲಿ ಕುಳಿತದ್ದು ಅಂದಿನ ಕಾಲಕ್ಕೆ ಸಣ್ಣ ಸಂಗತಿಯಾಗಿರಲಿಲ್ಲ.

ಒಂದೇ ನೆಲದಲ್ಲಿ ಎಲ್ಲ ಜ್ಞಾನ

ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದದ್ದು 1916ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ. ಆದರೆ ಅದು ಎರಡು ನಗರಗಳಲ್ಲಿ ಹಂಚಿಹೋಗಿತ್ತು. ಕಲೆ ಮತ್ತು ಮಾನವಿಕ ಶಾಸ್ತ್ರಗಳು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ, ವಿಜ್ಞಾನದ ಉನ್ನತ ವ್ಯಾಸಂಗ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ. ಸ್ನಾತಕೋತ್ತರ ಅಧ್ಯಯನ ಮತ್ತು ಸಂಶೋಧನೆಗೆಂದೇ ಪ್ರತ್ಯೇಕವಾದ ನೆಲೆ ಇರಲಿಲ್ಲ. ಬೆಂಗಳೂರು ವಿಶ್ವವಿದ್ಯಾನಿಲಯ ಬೇರೆಯಾದದ್ದು 1964ರಲ್ಲಿ. ಹಾಗಾಗಿ ಕುವೆಂಪು ಅವರ ಅವಧಿಯಲ್ಲಿ ಬೆಂಗಳೂರಿನ ಕಾಲೇಜುಗಳೂ ಮೈಸೂರಿನ ಅಧೀನದಲ್ಲಿದ್ದವು, 1951ರಲ್ಲಿ ಆರಂಭವಾಗಿದ್ದ ನಮ್ಮ ದಾವಣಗೆರೆಯ ಬಿ.ಡಿ.ಟಿ. ಎಂಜಿನಿಯರಿಂಗ್ ಕಾಲೇಜೂ ಆ ವ್ಯಾಪ್ತಿಯಲ್ಲಿತ್ತು.

ಎಲ್ಲ ವಿಷಯಗಳ ಉನ್ನತ ಅಧ್ಯಯನವೂ ಒಂದೇ ಆವರಣದಲ್ಲಿ ನಡೆಯಬೇಕೆಂಬುದು ಕುವೆಂಪು ಅವರ ಕನಸು. ಭೌತವಿಜ್ಞಾನ ಓದುವವನು ಸಂಜೆ ಇತಿಹಾಸ ಓದುವವನೊಡನೆ ನಡೆದಾಡಬೇಕು, ತತ್ತ್ವಶಾಸ್ತ್ರದ ವಿದ್ಯಾರ್ಥಿಗೆ ಸಸ್ಯಶಾಸ್ತ್ರದವನ ಪರಿಚಯವಿರಬೇಕು. ಇದಕ್ಕಾಗಿ ಮೈಸೂರಿನ ಕುಕ್ಕರಹಳ್ಳಿ ಕೆರೆಯ ಪಶ್ಚಿಮಕ್ಕಿದ್ದ ವಿಶಾಲ ಪ್ರದೇಶವನ್ನು ಆರಿಸಿಕೊಂಡರು. ಅಲ್ಲಿದ್ದ ರಾಜಮನೆತನದ ಜಯಲಕ್ಷ್ಮೀ ವಿಲಾಸ ಅರಮನೆಯನ್ನು ವಿಶ್ವವಿದ್ಯಾನಿಲಯ 1959ರಲ್ಲಿ 10 ಲಕ್ಷ ರೂಪಾಯಿಗಳಿಗೆ ಕೊಂಡಿತು. ರಾಜಕುಮಾರಿಗಾಗಿ ಕಟ್ಟಿದ ಸೌಧದ ಮೆಟ್ಟಿಲನ್ನು ರೈತರ ಮಕ್ಕಳು ವಿದ್ಯಾರ್ಥಿಗಳಾಗಿ ಏರುವಂತಾಯಿತು. ಇಂದು ಆ ಆವರಣದ ವಿಸ್ತೀರ್ಣ ಸುಮಾರು 739 ಎಕರೆ.

ಅದಕ್ಕೆ ಕುವೆಂಪು ಇಟ್ಟ ಹೆಸರು ಮಾನಸಗಂಗೋತ್ರಿ. ಗಂಗೆ ಹುಟ್ಟುವ ಎಡೆ ಗಂಗೋತ್ರಿ. ಮನಸ್ಸಿನ ಗಂಗೆ, ಅಂದರೆ ಅರಿವಿನ ಹೊಳೆ ಹುಟ್ಟುವ ಎಡೆ ಮಾನಸಗಂಗೋತ್ರಿ. ಹೊಳೆ ಹುಟ್ಟುವುದು ಎತ್ತರದಲ್ಲಿ, ಆದರೆ ಅದು ಸಾರ್ಥಕವಾಗುವುದು ತಗ್ಗಿನ ಹೊಲಗಳಿಗೆ ಹರಿದಾಗ. ಅವರ ಉಳಿದೆರಡು ಕಾರ್ಯಗಳನ್ನು ನೋಡಿದರೆ, ಹೆಸರಿನೊಳಗಿನ ಈ ಅರ್ಥವನ್ನು ಅವರು ಆಡಳಿತದಲ್ಲಿಯೂ ಪಾಲಿಸಿದರೆಂಬುದು ತಿಳಿಯುತ್ತದೆ.

ಅರ್ಥವಾಗುವ ಭಾಷೆಯಲ್ಲಿ ವಿದ್ಯೆ

ಎರಡನೆಯ ಕಾರ್ಯ ಭಾಷೆಗೆ ಸಂಬಂಧಿಸಿದ್ದು. ಹುಡುಗನೊಬ್ಬ ಬುದ್ಧಿವಂತನಾಗಿದ್ದರೂ ಇಂಗ್ಲಿಷ್ ಬಾರದೆಂಬ ಒಂದೇ ಕಾರಣಕ್ಕೆ ಅನುತ್ತೀರ್ಣನಾಗುವುದು ಅನ್ಯಾಯವೆಂದು ಕುವೆಂಪು ನಂಬಿದ್ದರು. ಅವರು ಇಂಗ್ಲಿಷ್ ಬೇಡವೆಂದವರಲ್ಲ. ಬೇಕಾದವರು ಕಲಿಯಲಿ, ಆದರೆ ಎಲ್ಲರ ಮೇಲೂ ಕಡ್ಡಾಯವಾಗಿ ಹೇರಬಾರದು, ಕಾಲೇಜಿನಲ್ಲಿಯೂ ಕನ್ನಡದಲ್ಲಿ ಕಲಿಯುವ ಅವಕಾಶವಿರಬೇಕು ಎಂಬುದು ಅವರ ನಿಲುವು. 1957ರಲ್ಲಿ ಧಾರವಾಡದಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದದ್ದು ಉಪಕುಲಪತಿಯಾಗಿದ್ದಾಗಲೇ. ಕಾಲೇಜು ತರಗತಿಗಳಿಗೆ ಕನ್ನಡದಲ್ಲಿ ಪಠ್ಯಗಳನ್ನು ಬರೆಯುವಂತೆ ಅಧ್ಯಾಪಕರನ್ನು ಪ್ರೇರೇಪಿಸಿದರು.

ಉರ್ದು ಮನೆಮಾತಿನವರಾದ ನಮ್ಮಲ್ಲಿ ಅನೇಕರಿಗೆ, ಕನ್ನಡದ ಈ ಹೋರಾಟ ನಮಗೆ ಸಂಬಂಧಿಸಿದ್ದಲ್ಲ ಎನಿಸಬಹುದು. ಹಾಗಲ್ಲ. ಇದೇ ಪ್ರಯೋಗ ನಮ್ಮ ನೆರೆಯಲ್ಲಿ ಉರ್ದುವಿನಲ್ಲಿ ಮೊದಲೇ ನಡೆದಿತ್ತು. 1918ರಲ್ಲಿ ಹೈದರಾಬಾದಿನಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯದಲ್ಲಿ ಬೋಧನೆಯ ಮಾಧ್ಯಮ ಉರ್ದು. ಇಂಗ್ಲಿಷ್ ಅಲ್ಲಿ ಕಡ್ಡಾಯವಾಗಿ ಕಲಿಯಬೇಕಾದ ಒಂದು ಭಾಷೆ ಮಾತ್ರ. ವಿಜ್ಞಾನ, ಕಾನೂನು, ವೈದ್ಯಕೀಯದ ಗ್ರಂಥಗಳನ್ನು ಉರ್ದುವಿಗೆ ತರಲು ‘ದಾರುಲ್ ತರ್ಜುಮಾ’ ಎಂಬ ಭಾಷಾಂತರ ವಿಭಾಗವನ್ನೇ ಸ್ಥಾಪಿಸಲಾಗಿತ್ತು. ಇಂದು ಕರ್ನಾಟಕದಲ್ಲಿರುವ ಕಲಬುರಗಿ, ಬೀದರ್, ರಾಯಚೂರು ಅಂದು ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದವು. ಭಾರತೀಯ ಭಾಷೆಯಲ್ಲಿ ಆಧುನಿಕ ವಿಜ್ಞಾನವನ್ನು ಬೋಧಿಸಲಾಗದು ಎಂಬ ವಾದಕ್ಕೆ ಉಸ್ಮಾನಿಯಾ ಉತ್ತರ ನೀಡಿತ್ತು.

ಆದರೆ ಆ ಪ್ರಯೋಗಕ್ಕೂ ಒಂದು ಕೊರತೆಯಿತ್ತು. ಆ ಸಂಸ್ಥಾನದ ಬಹುಸಂಖ್ಯಾತ ಜನರ ಮನೆಮಾತು ತೆಲುಗು, ಮರಾಠಿ ಮತ್ತು ಕನ್ನಡ. ಅವರ ಪಾಲಿಗೆ ಉರ್ದುವೂ ಕಲಿತು ದಾಟಬೇಕಾದ ಬಾಗಿಲೇ ಆಗಿತ್ತು. ಅರಸೊತ್ತಿಗೆಯ ಆಸರೆಯಲ್ಲಿ ನಿಂತಿದ್ದ ಆ ವ್ಯವಸ್ಥೆ 1948ರ ನಂತರ ಉಳಿಯಲಿಲ್ಲ. ಕುವೆಂಪು ಹಿಡಿದ ದಾರಿ ಭಿನ್ನ. ಅವರು ಕೇಳಿದ್ದು ಆಯ್ಕೆಯ ಸ್ವಾತಂತ್ರ್ಯವನ್ನು. ನಾಡಿನ ಬಹುಜನರ ಭಾಷೆಗೆ ಕಾಲೇಜಿನ ಬಾಗಿಲು ತೆರೆದಿರಲಿ, ಇಂಗ್ಲಿಷ್ ಬೇಕಾದವರಿಗೆ ಅದೂ ಇರಲಿ ಎಂದರು. ಮದ್ರಸದಲ್ಲಿ ಅರಬಿ ಮತ್ತು ಉರ್ದು ಕಲಿತ ನನ್ನಂಥವನು ನಂತರ ಕನ್ನಡದಲ್ಲಿಯೇ ಪರೀಕ್ಷೆ ಬರೆದು ಬಿ.ಎ. ಪದವಿ ಪಡೆಯಲು ಸಾಧ್ಯವಾದದ್ದು ಆ ತಲೆಮಾರಿನವರು ಪಟ್ಟ ಶ್ರಮದಿಂದ. ಈ ಋಣವನ್ನು ನಾನು ಮರೆಯಲಾರೆ.

ಹಳ್ಳಿಗೆ ಹೋದ ವಿಶ್ವವಿದ್ಯಾನಿಲಯ

ಮೂರನೆಯ ಕಾರ್ಯ ಪುಸ್ತಕ ಮತ್ತು ಉಪನ್ಯಾಸಗಳದ್ದು. ಪ್ರಾಧ್ಯಾಪಕರು ಊರೂರಿಗೆ ಹೋಗಿ ಜನಸಾಮಾನ್ಯರಿಗೆ ತಿಳಿಯುವಂತೆ ಕನ್ನಡದಲ್ಲಿ ಮಾತನಾಡುವ ‘ಪ್ರಚಾರೋಪನ್ಯಾಸ’ ಪದ್ಧತಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1930ರ ದಶಕದಿಂದಲೇ ಇತ್ತು. ಆ ಉಪನ್ಯಾಸಗಳು ಕಿರುಹೊತ್ತಗೆಗಳಾಗಿ ಕಡಿಮೆ ಬೆಲೆಗೆ ಜನರ ಕೈ ಸೇರುತ್ತಿದ್ದವು. ರೋಗಗಳು, ಬೇಸಾಯ, ನಕ್ಷತ್ರಗಳು, ಕಾನೂನು, ಕಾವ್ಯ ಎಲ್ಲವೂ ಅಲ್ಲಿ ವಿಷಯಗಳೇ. ಕುವೆಂಪು ಈ ಕೆಲಸಕ್ಕೆ ತಮ್ಮ ಅವಧಿಯಲ್ಲಿ ಬಲ ತುಂಬಿದರು. ಪ್ರಸಾರಾಂಗದ ಪ್ರಕಟಣೆಗಳು ನಾಡಿನ ಗ್ರಂಥಾಲಯಗಳಲ್ಲಿ ನೆಲೆಯೂರಿದವು.

ಇದರ ಹಿಂದಿನ ಭಾವನೆಯನ್ನು ಗಮನಿಸಿ. ವಿಶ್ವವಿದ್ಯಾನಿಲಯ ನಡೆಯುವುದು ಜನರ ತೆರಿಗೆಯ ಹಣದಿಂದ. ರೈತನೂ ನೇಕಾರನೂ ಗಿರಣಿ ಕಾರ್ಮಿಕನೂ ಅದಕ್ಕೆ ಪಾಲು ಕೊಟ್ಟಿದ್ದಾರೆ. ಅವರ ಮಕ್ಕಳು ಅಲ್ಲಿಗೆ ಬರಲಾಗದಿದ್ದರೆ ವಿಶ್ವವಿದ್ಯಾನಿಲಯವೇ ಅವರ ಊರಿಗೆ ಹೋಗಬೇಕು. ಇದು ದಾನವಲ್ಲ, ಸಾಲ ತೀರಿಸುವ ಕ್ರಮ.

ಆ ನೀರು ಕುಡಿದವರು

ಇದರ ಫಲ ನಮ್ಮ ಸಮುದಾಯಕ್ಕೂ ತಲುಪಿದೆ. ಕುವೆಂಪು ಅವರ ಅವಧಿಯಲ್ಲಿ ಇದೇ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯಾಗಿದ್ದು 1959ರಲ್ಲಿ ಭೂವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಪಡೆದವರು ದೇವನಹಳ್ಳಿಯ ಕೆ.ಎಸ್. ನಿಸಾರ್ ಅಹಮದ್. ಮರುವರ್ಷವೇ ಅವರ ಮೊದಲ ಕವನ ಸಂಕಲನ ಕನ್ನಡದಲ್ಲಿ ಪ್ರಕಟವಾಯಿತು. ಚಿತ್ರದುರ್ಗ ಮತ್ತು ಶಿವಮೊಗ್ಗದ ಕಾಲೇಜುಗಳಲ್ಲಿ ಅವರು ಭೂವಿಜ್ಞಾನ ಬೋಧಿಸಿದರು. 2006ರಲ್ಲಿ ಶಿವಮೊಗ್ಗದಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿದರು. 2020ರಲ್ಲಿ ಅವರು ನಿಧನರಾದಾಗ ಇಡೀ ನಾಡು ತನ್ನ ಮನೆಯ ಹಿರಿಯನನ್ನು ಕಳೆದುಕೊಂಡಂತೆ ಮರುಗಿತು. ಬಂಡೆಯ ವಿಜ್ಞಾನವನ್ನೂ ಕನ್ನಡದ ಕವಿತೆಯನ್ನೂ ಒಬ್ಬನೇ ವ್ಯಕ್ತಿ ಬಲ್ಲವನಾಗಿರುವುದು ಮಾನಸಗಂಗೋತ್ರಿಯ ಕನಸಿಗೆ ಒಳ್ಳೆಯ ನಿದರ್ಶನ.

ಇನ್ನೊಬ್ಬರು ಇತಿಹಾಸಕಾರ ಪ್ರೊ. ಬಿ. ಶೇಖ್ ಅಲಿ. ಮೈಸೂರು ವಿಶ್ವವಿದ್ಯಾನಿಲಯದ ಇತಿಹಾಸ ಪ್ರಾಧ್ಯಾಪಕರಾಗಿದ್ದ ಅವರು ಹೈದರ್ ಅಲಿ ಮತ್ತು ಟಿಪ್ಪು ಸುಲ್ತಾನರ ಕಾಲದ ಕುರಿತು ಆಳವಾದ ಅಧ್ಯಯನ ನಡೆಸಿದವರು. ಮೈಸೂರು ವಿಶ್ವವಿದ್ಯಾನಿಲಯ 1968ರಲ್ಲಿ ಮಂಗಳೂರಿನ ಬಳಿಯ ಕೊಣಾಜೆಯಲ್ಲಿ ಸ್ನಾತಕೋತ್ತರ ಕೇಂದ್ರವೊಂದನ್ನು ತೆರೆದಿತ್ತು. ಅದರ ಹೆಸರು ಮಂಗಳಗಂಗೋತ್ರಿ. 1980ರಲ್ಲಿ ಅದು ಸ್ವತಂತ್ರ ಮಂಗಳೂರು ವಿಶ್ವವಿದ್ಯಾನಿಲಯವಾದಾಗ ಮೊದಲ ಕುಲಪತಿಯಾದವರು ಶೇಖ್ ಅಲಿ. ಮುಂದೆ ಗೋವಾ ವಿಶ್ವವಿದ್ಯಾನಿಲಯ ಸ್ಥಾಪನೆಯಾದಾಗ ಅದರ ಮೊದಲ ಕುಲಪತಿಯೂ ಅವರೇ ಆದರು. 2022ರಲ್ಲಿ ಮೈಸೂರಿನಲ್ಲಿ ತೀರಿಕೊಂಡ ಈ ಹಿರಿಯರ ಹೆಸರು ನಮ್ಮ ಎಷ್ಟು ಮಕ್ಕಳಿಗೆ ಗೊತ್ತು? ನಟರ, ಕ್ರಿಕೆಟಿಗರ ಹೆಸರನ್ನು ಸಾಲಾಗಿ ಹೇಳುವ ಮಕ್ಕಳಿಗೆ ಎರಡು ವಿಶ್ವವಿದ್ಯಾನಿಲಯಗಳನ್ನು ಮೊದಲಿನಿಂದ ಕಟ್ಟಿ ನಿಲ್ಲಿಸಿದವರ ಹೆಸರನ್ನೂ ಹೇಳಿಕೊಡುವುದು ನಮ್ಮ ಹೊಣೆ.

ಮುಗಿಯದ ಕೆಲಸ

ಸಭಿಕರೇ, ಹೊಗಳಿಕೆಯೊಂದರಿಂದಲೇ ಯಾರಿಗೂ ನ್ಯಾಯ ಸಲ್ಲದು. ಕುವೆಂಪು ಆರಂಭಿಸಿದ್ದೆಲ್ಲವೂ ಪೂರ್ಣಗೊಂಡಿಲ್ಲ. ಕಲಾ ವಿಷಯಗಳಲ್ಲಿ ಕನ್ನಡ ನೆಲೆ ನಿಂತಿತು. ವಿಜ್ಞಾನ, ವೈದ್ಯಕೀಯ, ಎಂಜಿನಿಯರಿಂಗ್ ಶಿಕ್ಷಣದಲ್ಲಿ ಹಾಗಾಗಲಿಲ್ಲ. ಉದ್ಯೋಗದ ಮಾರುಕಟ್ಟೆ ಇಂಗ್ಲಿಷನ್ನೇ ಕೇಳಿತು. ಉನ್ನತ ಸಂಶೋಧನೆಯ ಗ್ರಂಥಗಳು ಕನ್ನಡಕ್ಕೆ ಬೇಕಾದ ವೇಗದಲ್ಲಿ ಬರಲಿಲ್ಲ. ಕನ್ನಡದಲ್ಲಿ ಓದಿದವರ ಪದವಿಯನ್ನು ಕೀಳೆಂದು ಕಾಣುವ ಮನೋಭಾವ ಕನ್ನಡಿಗರಲ್ಲಿಯೇ ಬೆಳೆಯಿತು. ನಾಲ್ಕು ವರ್ಷಗಳಲ್ಲಿ ಒಬ್ಬ ವ್ಯಕ್ತಿ ಅಡಿಪಾಯ ಹಾಕಬಹುದು. ಗೋಡೆ ಎಬ್ಬಿಸಬೇಕಾದವರು ನಂತರ ಬಂದವರು. ಅವರ ಶಿಷ್ಯ ದೇ. ಜವರೇಗೌಡರು 1969ರಿಂದ 1975ರವರೆಗೆ ಅದೇ ಸ್ಥಾನದಲ್ಲಿದ್ದು ಕನ್ನಡದ ಕೆಲಸವನ್ನು ಮುಂದುವರಿಸಿದರು. ಮಾನಸಗಂಗೋತ್ರಿಯ ಕನ್ನಡ ಅಧ್ಯಯನ ಸಂಸ್ಥೆ ಇಂದು ಕುವೆಂಪು ಅವರ ಹೆಸರಿನಲ್ಲಿದೆ. ಆದರೆ ಅವರ ಕನಸಿನ ಪ್ರಮಾಣಕ್ಕೆ ಹೋಲಿಸಿದರೆ ಸಾಧಿಸಿದ್ದು ಕಡಿಮೆ.

ನಮ್ಮ ಲೆಕ್ಕವನ್ನೂ ನೋಡೋಣ. 2006ರ ಸಾಚಾರ್ ಸಮಿತಿಯ ವರದಿ ಹೇಳಿದ ಮಾತು ನಿಮಗೆ ನೆನಪಿರಬಹುದು. ದೇಶದಲ್ಲಿ 20 ವರ್ಷ ದಾಟಿದ ಜನರಲ್ಲಿ ಪದವಿ ಅಥವಾ ಡಿಪ್ಲೊಮಾ ಪಡೆದವರು ಸುಮಾರು ಶೇಕಡಾ 7 ಮಂದಿ. ಮುಸ್ಲಿಮರಲ್ಲಿ ಅಂಥವರು ಶೇಕಡಾ 4ಕ್ಕಿಂತ ಕಡಿಮೆ. ಸಂಶೋಧನೆಗೆ ನೆರವಾಗುತ್ತಿದ್ದ ಮೌಲಾನಾ ಆಜಾದ್ ರಾಷ್ಟ್ರೀಯ ಫೆಲೋಶಿಪ್ ಅನ್ನು ಕೇಂದ್ರ ಸರಕಾರ 2022ರಲ್ಲಿ ನಿಲ್ಲಿಸಿತು. ಹಿಂದುಳಿದವರೆಂದು ಸರಕಾರದ ಸಮಿತಿಯೇ ಗುರುತಿಸಿದವರಿಂದ ಮೆಟ್ಟಿಲೊಂದನ್ನು ಕಸಿದುಕೊಳ್ಳುವುದು ಯಾವ ನ್ಯಾಯ ಎಂದು ಕೇಳುವ ಹಕ್ಕು ನಮಗಿದೆ, ಕೇಳಲೂ ಬೇಕು. ಆದರೆ ಸರಕಾರವನ್ನು ಕೇಳಿ ಮುಗಿದ ಮೇಲೆ ನಮ್ಮನ್ನು ನಾವು ಕೇಳಿಕೊಳ್ಳುವ ಪ್ರಶ್ನೆಯೊಂದು ಉಳಿಯುತ್ತದೆ.

ಮನೆಬಾಗಿಲಿಗೆ ಬಂದ ಗಂಗೋತ್ರಿ

ಮೈಸೂರು ವಿಶ್ವವಿದ್ಯಾನಿಲಯ 1979ರಲ್ಲಿ ದಾವಣಗೆರೆಗೆ ಸ್ನಾತಕೋತ್ತರ ಕೇಂದ್ರವನ್ನು ತಂದಿತು. 1987ರಲ್ಲಿ ಶಂಕರಘಟ್ಟದಲ್ಲಿ ಹೊಸ ವಿಶ್ವವಿದ್ಯಾನಿಲಯ ಸ್ಥಾಪನೆಯಾದಾಗ ನಮ್ಮ ಕೇಂದ್ರ ಅದರ ಆಡಳಿತಕ್ಕೆ ಸೇರಿತು. ಆ ವಿಶ್ವವಿದ್ಯಾನಿಲಯದ ಹೆಸರೇ ಕುವೆಂಪು. 2009ರಲ್ಲಿ ಈ ಕೇಂದ್ರವೇ ಸ್ವತಂತ್ರ ದಾವಣಗೆರೆ ವಿಶ್ವವಿದ್ಯಾನಿಲಯವಾಯಿತು. ತೋಳಹುಣಸೆಯಲ್ಲಿರುವ ಅದರ ಆವರಣದ ಹೆಸರು ಶಿವಗಂಗೋತ್ರಿ. ಮೈಸೂರಿನಲ್ಲಿ ಕುವೆಂಪು ಇಟ್ಟ ಹೆಸರಿನ ಕೊನೆಯ ಪದ, ಕೊಣಾಜೆಯಲ್ಲಿ, ಹಾಸನದ ಹೇಮಗಂಗೋತ್ರಿಯಲ್ಲಿ ಪ್ರತಿಧ್ವನಿಸಿ, ನಮ್ಮ ಊರಿನ ಅಂಚಿಗೆ ಬಂದು ತಲುಪಿದೆ. ಕುಪ್ಪಳಿಯ ಹುಡುಗ ವಿದ್ಯೆಗಾಗಿ ಊರು ಬಿಟ್ಟು ಮೈಸೂರಿಗೆ ಹೋಗಬೇಕಾಯಿತು. ನಮ್ಮ ಮಕ್ಕಳು ಬೆಳಗ್ಗೆ ಮನೆಯಲ್ಲಿ ತಿಂಡಿ ತಿಂದು ಹೊರಟು ಸಂಜೆ ಮನೆಗೆ ಮರಳಬಹುದು.

ಹಾಗಾದರೆ ನಮ್ಮ ಮಕ್ಕಳಲ್ಲಿ ಎಷ್ಟು ಮಂದಿ ಅಲ್ಲಿಗೆ ಹೋಗುತ್ತಿದ್ದಾರೆ? ಒಂದು ಕಾಲಕ್ಕೆ ದಾವಣಗೆರೆಯ ಹತ್ತಿಗಿರಣಿಗಳಲ್ಲಿ, ಹರಿಹರದ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಹತ್ತನೆಯ ತರಗತಿ ಓದಿದವನಿಗೂ ಖಾಯಂ ಕೆಲಸ ಸಿಗುತ್ತಿತ್ತು. ಆ ಕಾಲ ಹೋಯಿತು. ಆದರೂ ಮಂಡಕ್ಕಿ ಭಟ್ಟಿಯಲ್ಲಿ, ಗ್ಯಾರೇಜಿನಲ್ಲಿ ದಿನಗೂಲಿ ಸಿಗುತ್ತದೆಂಬ ಕಾರಣಕ್ಕೆ ಪಿಯುಸಿಗೇ ಓದು ನಿಲ್ಲಿಸುವ ಹುಡುಗರು ನಮ್ಮ ಮೊಹಲ್ಲಾಗಳಲ್ಲಿದ್ದಾರೆ. ಪದವಿಯಲ್ಲಿ ಒಳ್ಳೆಯ ಅಂಕ ಪಡೆದ ಹೆಣ್ಣುಮಗಳು ಮುಂದೆ ಓದುತ್ತೇನೆಂದಾಗ, ಅಷ್ಟು ಓದಿದ ಹುಡುಗ ಎಲ್ಲಿ ಸಿಗುತ್ತಾನೆಂದು ಕೇಳುವ ಮನೆಗಳಿವೆ. ಉರ್ದು ಮಾಧ್ಯಮದಲ್ಲಿ ಹತ್ತನೆಯ ತರಗತಿ ಮುಗಿಸಿದ ಮಗು ಕಾಲೇಜಿನ ಮೊದಲ ದಿನವೇ ಕನ್ನಡಕ್ಕೂ ಇಂಗ್ಲಿಷಿಗೂ ಬೆದರಿ ಹಿಂದೆ ಸರಿಯುವುದನ್ನು ಇಲ್ಲಿರುವ ಅಧ್ಯಾಪಕರು ನೋಡಿರುತ್ತಾರೆ. ಕುವೆಂಪು ಅವರನ್ನು ಕಾಡಿದ್ದ ಅದೇ ಅನ್ಯಾಯ ನಮ್ಮ ಮಗುವಿನ ಪಾಲಿಗೆ ಎರಡು ಪಟ್ಟಾಗಿದೆ.

ಇದಕ್ಕೆ ನಾವೇ ಮಾಡಬಹುದಾದ ಕೆಲಸಗಳಿವೆ. ಉರ್ದು ನಮ್ಮ ಮನೆಯ ಸಿರಿ, ಅದನ್ನು ಬಿಡಬೇಕಾಗಿಲ್ಲ. ಅದರೊಡನೆ ಪ್ರಾಥಮಿಕ ತರಗತಿಯಿಂದಲೇ ಕನ್ನಡವನ್ನು ಗಟ್ಟಿಯಾಗಿ ಕಲಿಸೋಣ. ಮಸೀದಿ ಸಮಿತಿಗಳು ಹತ್ತನೆಯ ತರಗತಿ ಮುಗಿಸಿದ ಮಕ್ಕಳಿಗೆ ಬೇಸಿಗೆ ರಜೆಯಲ್ಲಿ ಎರಡು ತಿಂಗಳ ಕನ್ನಡ ಮತ್ತು ಇಂಗ್ಲಿಷ್ ತರಗತಿ ನಡೆಸಲಿ. ಪದವಿ ಮುಗಿಸಿ ಮನೆಯಲ್ಲಿರುವ ನಮ್ಮ ಹೆಣ್ಣುಮಕ್ಕಳೇ ಅಲ್ಲಿ ಪಾಠ ಹೇಳಬಲ್ಲರು. ಪ್ರತಿ ಜಮಾಅತ್ ತನ್ನ ವ್ಯಾಪ್ತಿಯಲ್ಲಿ ಪದವಿ ಮುಗಿಸಿದವರ ಪಟ್ಟಿಯೊಂದನ್ನು ಇಟ್ಟುಕೊಳ್ಳಲಿ. ಸ್ನಾತಕೋತ್ತರ ಪ್ರವೇಶದ ಪ್ರಕಟಣೆ ಬಂದ ದಿನ ಆ ಪಟ್ಟಿ ಹಿಡಿದು ಮನೆಮನೆಗೆ ಹೋಗಲಿ. ಶುಲ್ಕಕ್ಕೆ ತೊಂದರೆಯಿದ್ದರೆ ಮದುವೆಯ ಆಡಂಬರದಲ್ಲಿ ಉಳಿಸಿದ ಹಣ ಅದಕ್ಕೆ ಸಾಕಾಗುತ್ತದೆ.

ತಂದೆ ತಾಯಂದಿರಲ್ಲಿ ನನ್ನದೊಂದು ವಿನಂತಿ. ಬರುವ ವಾರ ಬಿಡುವು ಮಾಡಿಕೊಂಡು ಮಕ್ಕಳನ್ನು ಕರೆದುಕೊಂಡು ತೋಳಹುಣಸೆಗೆ ಹೋಗಿ. ಕಚೇರಿಯಲ್ಲಿ ಯಾವ ವಿಭಾಗಗಳಿವೆ, ಪ್ರವೇಶಕ್ಕೆ ಏನು ಬೇಕು ಎಂದು ವಿಚಾರಿಸಿ. ಗ್ರಂಥಾಲಯ ಎಲ್ಲಿದೆ ಎಂದು ಮಕ್ಕಳಿಗೆ ತೋರಿಸಿ. ಆ ಆವರಣ ತನ್ನದೂ ಹೌದೆಂದು ಮಗು ಕಣ್ಣಾರೆ ಕಂಡು ತಿಳಿಯಲಿ.